ಯುರೋಪಿನ ರೈಲು: ಪಾಸ್ ತಗೊಳ್ಳೋದಾ, ಬಿಡಿ ಟಿಕೆಟ್ ತಗೊಳ್ಳೋದಾ?

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ದಾವಣಗೆರೆಯಿಂದ ನಾವು ನಾಲ್ಕು ಜನ ಯುರೋಪಿಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, 15 ವರ್ಷದ ಮಗಳು, 9 ವರ್ಷದ ಮಗ. ಆಮ್‌ಸ್ಟರ್‌ಡ್ಯಾಮ್ 2 ರಾತ್ರಿ, ಪ್ಯಾರಿಸ್ 3, ಇಂಟರ್‌ಲಾಕನ್ 4, ವೆನಿಸ್ 1, ಫ್ಲಾರೆನ್ಸ್ 2, ರೋಮ್ 3. ಊರಿಂದ ಊರಿಗೆ ಎಲ್ಲಾ ರೈಲಿನಲ್ಲೇ. ಯುರೇಲ್ ಪಾಸ್ ತಗೊಂಡರೆ ಒಂದೇ ಸಲಕ್ಕೆ ಮುಗಿಯುತ್ತೆ ಅಂತ ನನ್ನ ಭಾವಮೈದ ಹೇಳುತ್ತಾನೆ. ಬಿಡಿ ಟಿಕೆಟ್ ತಗೊಂಡರೆ ಅರ್ಧ ದುಡ್ಡು ಉಳಿಯುತ್ತೆ ಅಂತ ಆಫೀಸಿನ ಸ್ನೇಹಿತರು ಹೇಳುತ್ತಾರೆ. ವೀಸಾ ಇನ್ನೂ ಆಗಿಲ್ಲ. ಯಾವುದು ಸರಿ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ನಿಮ್ಮ ಈ ಪ್ರವಾಸಕ್ಕೆ ಯುರೇಲ್ ಪಾಸ್ ಬೇಡ. ಬಿಡಿ ಟಿಕೆಟ್ ತಗೊಳ್ಳಿ. ಸ್ವಿಟ್ಜರ್ಲೆಂಡಿನ ನಾಲ್ಕು ದಿನಕ್ಕೆ ಮಾತ್ರ ಆ ದೇಶದ್ದೇ ಒಂದು ರಿಯಾಯಿತಿ ಕಾರ್ಡ್ ಇದೆ, ಅದನ್ನು ತಗೊಳ್ಳಿ. ಆದರೆ ಇದೆಲ್ಲ ನಡೆಯಬೇಕಾದರೆ ನಿಮ್ಮ ವೀಸಾ ಕೆಲಸ ಬೇಗ ಆಗಬೇಕು. ವೀಸಾ ಏಪ್ರಿಲ್ ಕೊನೆಗೆ ಕೈಗೆ ಬಂದರೆ ಲೆಕ್ಕ ಪೂರ್ತಿ ತಿರುಗಿಬಿಡುತ್ತೆ. ಅದನ್ನೂ ಕೆಳಗೆ ಬರೆದಿದ್ದೇನೆ, ದಯವಿಟ್ಟು ಅಲ್ಲಿವರೆಗೂ ಓದಿ.

ಯುರೇಲ್ ಅಂದರೆ ಏನು ಅಂತ ಎರಡು ಮಾತು. 1959ರಿಂದ ಇದೆ. ಯುರೋಪಿನ ಹೊರಗೆ ವಾಸ ಇರುವವರಿಗೆ ಮಾತ್ರ. ಈಗ 33 ದೇಶಗಳ ರೈಲಿಗೆ ಒಂದೇ ಪಾಸ್ ಸಿಗುತ್ತೆ, ಅದನ್ನು ಗ್ಲೋಬಲ್ ಪಾಸ್ ಅಂತಾರೆ. ಒಂದು ತಿಂಗಳೊಳಗೆ ಬೇಕಾದ 4 ದಿನ, 5 ದಿನ, 7 ದಿನ, ಎರಡು ತಿಂಗಳೊಳಗೆ 10 ಅಥವಾ 15 ದಿನ, ಹೀಗೆ ಸಿಗುತ್ತೆ. ಬಿಡುವಿಲ್ಲದೆ ದಿನಾ ಓಡಾಡುವವರಿಗೆ ಸತತ 15 ದಿನ, 22 ದಿನ, ತಿಂಗಳುಗಟ್ಟಲೆಯದ್ದೂ ಇದೆ. ನೀವು ರೈಲು ಹತ್ತಿದ ದಿನವನ್ನು 'ಪ್ರಯಾಣದ ದಿನ' ಅಂತ ಎಣಿಸುತ್ತಾರೆ. ಆ ದಿನ ಮಧ್ಯರಾತ್ರಿವರೆಗೆ ಎಷ್ಟು ರೈಲು ಹತ್ತಿದರೂ ಲೆಕ್ಕಕ್ಕೆ ಒಂದೇ ದಿನ. ಈಗ ಪಾಸ್ ಮೊಬೈಲಿನಲ್ಲೇ ಬರುತ್ತೆ. ಯಾವ ರೈಲು ಅಂತ ಆ್ಯಪಿನಲ್ಲಿ ಹಾಕಿದರೆ ಕ್ಯೂಆರ್ ಕೋಡ್ ಮೂಡುತ್ತೆ, ಟಿಸಿ ಬಂದಾಗ ತೋರಿಸಿದರೆ ಆಯ್ತು. ಊರೊಳಗಿನ ಮೆಟ್ರೋ, ಟ್ರಾಮಿಗೆ ಈ ಪಾಸ್ ನಡೆಯಲ್ಲ.

ಕೇಳೋಕೆ ತುಂಬಾ ಚೆನ್ನಾಗಿದೆ ಅಲ್ವಾ? ಚೆನ್ನಾಗಿಯೇ ಇದೆ. ಆದರೆ ನಮ್ಮ ಜನ ಎಡವೋದು ಒಂದು ಕಡೆ. ನಮಗೆ ಟಿಕೆಟ್ ಅಂದರೆ ಸೀಟು. ಬೋಗಿ ನಂಬರು, ಬರ್ತ್ ನಂಬರು ಎಲ್ಲಾ ಟಿಕೆಟ್ಟಿನಲ್ಲೇ ಇರುತ್ತೆ. ಯುರೋಪಿನ ಬಹಳ ಕಡೆ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಅಂದರೆ ಆ ರೈಲಿನಲ್ಲಿ ಹೋಗಲು ಅನುಮತಿ. ಸೀಟು ಬೇಕಿದ್ದರೆ ಮೇಲೆ ದುಡ್ಡು ಕೊಟ್ಟು ರಿಸರ್ವ್ ಮಾಡಿಸಬೇಕು. ಜರ್ಮನಿಯಲ್ಲಿ ಹೀಗೇ. ಐಸಿಇ ಅನ್ನೋ ಅಲ್ಲಿನ ವೇಗದ ರೈಲಿಗೆ ಟಿಕೆಟ್ ತಗೊಂಡು, ಸೀಟು ಮಾಡಿಸದೆ ಹತ್ತಬಹುದು, ಖಾಲಿ ಸೀಟಿದ್ದರೆ ಕೂರಬಹುದು. ಸೀಟಿನ ಮೇಲೆ ಪುಟ್ಟ ಪರದೆ ಇರುತ್ತೆ, ಅದರಲ್ಲಿ ಎರಡು ಊರಿನ ಹೆಸರು ಬೆಳಗುತ್ತಿದ್ದರೆ ಆ ಎರಡು ಊರುಗಳ ಮಧ್ಯೆ ಆ ಸೀಟು ಇನ್ನೊಬ್ಬರದ್ದು. ಅವರು ಹತ್ತುವ ಊರು ಬರುವವರೆಗೆ ನೀವು ಕೂತಿರಬಹುದು. ನಮ್ಮವರು ಅದನ್ನು ಗಮನಿಸದೆ ಕೂತು, ಅರ್ಧ ದಾರಿಯಲ್ಲಿ ಮಕ್ಕಳನ್ನೆಬ್ಬಿಸಿಕೊಂಡು ಸೂಟ್‌ಕೇಸ್ ಎಳೆದುಕೊಂಡು ಇನ್ನೊಂದು ಬೋಗಿಗೆ ಹೋಗೋದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಪಾಸ್ ಅನ್ನೋದು ಇಂಥ ಅನುಮತಿ ಅಷ್ಟೇ. ಸೀಟು ಅದರಲ್ಲಿ ಇಲ್ಲ. ಸೀಟು ಕಡ್ಡಾಯ ಅಲ್ಲದ ದೇಶದಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಈ ಐದು ದೇಶಗಳ ಒಳಗೆ ಹೆಚ್ಚುಕಮ್ಮಿ ಎಲ್ಲಾ ರೈಲಿಗೂ ಪಾಸ್ ತೋರಿಸಿ ಹತ್ತಬಹುದು. ಫ್ರಾನ್ಸ್, ಇಟಲಿ, ಸ್ಪೇನ್ ಕಡೆ ಬಂದಾಗ ಕಥೆ ಬೇರೆ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಸ್ಪೇನಿನ ಎವಿಇ, ದೇಶದಿಂದ ದೇಶಕ್ಕೆ ಓಡುವ ಯುರೋಸ್ಟಾರ್, ಈ ವೇಗದ ರೈಲುಗಳಿಗೆಲ್ಲ ಸೀಟು ಕಡ್ಡಾಯ. ಕೈಯಲ್ಲಿ ಪಾಸಿದ್ದರೂ ಪ್ರತಿ ರೈಲಿಗೆ, ಪ್ರತಿಯೊಬ್ಬರಿಗೆ ಬೇರೆ ದುಡ್ಡು ಕಟ್ಟಬೇಕು. ಇಟಲಿಯಲ್ಲಿ ಸುಮಾರು 13 ಯೂರೋ, ಯುರೋಸ್ಟಾರಿಗೆ 30ರ ಆಸುಪಾಸು. ಪಾಸ್ ಇರುವ ಮಕ್ಕಳಿಗೂ ಸೀಟಿನ ದುಡ್ಡು ತಪ್ಪಲ್ಲ. ಇಟಲಿಯಲ್ಲಿ 2012ರಿಂದ ಓಡುತ್ತಿರುವ ಖಾಸಗಿ ಇಟಾಲೋ ರೈಲಿಗೆ, ಫ್ರಾನ್ಸಿನ ಅಗ್ಗದ ವೀಗೋ ರೈಲಿಗೆ ಈ ಪಾಸ್ ನಡೆಯೋದೇ ಇಲ್ಲ.

ನಿಮ್ಮ ಪಟ್ಟಿ ನೋಡಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್ ಯುರೋಸ್ಟಾರ್. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡ್ ಗಡಿಯ ಬಾಸೆಲ್‌ಗೆ ಟಿಜಿವಿ ಲಿರಿಯಾ. ಇಂಟರ್‌ಲಾಕನ್ ಬಿಟ್ಟ ಮೇಲೆ ಮಿಲಾನಿಗೆ ಯುರೋಸಿಟಿ, ಅಲ್ಲಿಂದ ರೋಮ್‌ವರೆಗೆ ಫ್ರೆಚ್ಚಾ ರೈಲುಗಳು. ಸ್ವಿಟ್ಜರ್ಲೆಂಡಿನ ಒಳಗಿನ ರೈಲುಗಳನ್ನು ಬಿಟ್ಟರೆ ನಿಮ್ಮ ಎಲ್ಲಾ ರೈಲಿಗೂ ಸೀಟು ಕಡ್ಡಾಯ. ಪಾಸಿಗೆ ಇದಕ್ಕಿಂತ ಒಗ್ಗದ ದಾರಿ ಹುಡುಕೋದು ಕಷ್ಟ.

ದುಡ್ಡಿನ ಲೆಕ್ಕ ಹಾಕೋಣ. ಪಾಸಿನ ಬೆಲೆ ವರ್ಷವರ್ಷ ಬದಲಾಗುತ್ತೆ, ನಡುನಡುವೆ ರಿಯಾಯಿತಿಯೂ ಬರುತ್ತೆ, ಹಾಗಾಗಿ ನಾನು ಇಲ್ಲಿ ಹಾಕಿರೋದು ಲೆಕ್ಕಕ್ಕೆ ಹಿಡಿದ ಅಂದಾಜು ಬೆಲೆ, ನೀವು ಅವತ್ತಿನ ಬೆಲೆ ಹಾಕಿಕೊಳ್ಳಿ. ನಿಮಗೆ ಐದು ಪ್ರಯಾಣದ ದಿನ ಬೇಕು. ಎರಡನೇ ದರ್ಜೆಯ 5 ದಿನದ ಪಾಸ್ ದೊಡ್ಡವರಿಗೆ 320 ಯೂರೋ ಅಂತ ಇಟ್ಟುಕೊಳ್ಳಿ. ಇಬ್ಬರಿಗೆ 640. ಮಗಳು 12 ದಾಟಿದ್ದಾಳೆ, 12ರಿಂದ 27ರವರೆಗಿನವರಿಗೆ ಯೂತ್ ಪಾಸ್, ಅದು 240. ಮಗನಿಗೆ 9, 4ರಿಂದ 11ರ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ. ಒಟ್ಟು 880. ಇನ್ನು ಸೀಟು. ಯುರೋಸ್ಟಾರ್ 30, ಲಿರಿಯಾ 30, ಮಿಲಾನ್ ರೈಲು 13, ಮಿಲಾನ್-ವೆನಿಸ್ 13, ವೆನಿಸ್-ಫ್ಲಾರೆನ್ಸ್ 13, ಫ್ಲಾರೆನ್ಸ್-ರೋಮ್ 13. ಒಬ್ಬರಿಗೆ ಸುಮಾರು 110, ನಾಲ್ಕು ಜನಕ್ಕೆ 440. ಅಲ್ಲಿಗೆ 1320 ಯೂರೋ ಆಯ್ತು.

ಬಿಡಿ ಟಿಕೆಟ್? ಎರಡು ಮೂರು ತಿಂಗಳು ಮುಂಚೆ ತಗೊಂಡರೆ ಆಮ್‌ಸ್ಟರ್‌ಡ್ಯಾಮ್-ಪ್ಯಾರಿಸ್ 50, ಪ್ಯಾರಿಸ್-ಇಂಟರ್‌ಲಾಕನ್ 75, ಇಂಟರ್‌ಲಾಕನ್-ವೆನಿಸ್ 65, ವೆನಿಸ್-ಫ್ಲಾರೆನ್ಸ್ 28, ಫ್ಲಾರೆನ್ಸ್-ರೋಮ್ 25, ಹೀಗೆ ಸಿಗೋದು ಅಪರೂಪವೇನಲ್ಲ. ಒಬ್ಬರಿಗೆ 240ರ ಸುತ್ತ. ಮೂರು ಜನಕ್ಕೆ 720, ಮಗನಿಗೆ ಅಲ್ಲಲ್ಲಿ ಮಕ್ಕಳ ದರ ಸಿಕ್ಕಿ 140 ಅಂದುಕೊಂಡರೆ 860. ಎರಡಕ್ಕೂ ಇರುವ ಅಂತರ 460 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 46,000 ರೂಪಾಯಿ. ನಿಮ್ಮ ಸ್ನೇಹಿತರು ಹೇಳಿದಂತೆ ಅರ್ಧಕ್ಕೆ ಅರ್ಧ ಉಳಿಯಲ್ಲ, ಆದರೆ ಸಣ್ಣ ಮೊತ್ತವೂ ಅಲ್ಲ.

ಇನ್ನೊಂದು ತರಹ ನೋಡಿ, ಇದು ನಾನು ಎಲ್ಲರಿಗೂ ಹೇಳುವ ಲೆಕ್ಕ. 320 ಯೂರೋವನ್ನು ಐದು ದಿನಕ್ಕೆ ಹಂಚಿ. ಒಂದು ದಿನಕ್ಕೆ 64. ಫ್ಲಾರೆನ್ಸಿನಿಂದ ರೋಮಿಗೆ ಒಂದೂವರೆ ಗಂಟೆಯ ದಾರಿ, ಟಿಕೆಟ್ 25. ಅಲ್ಲಿ ನೀವು 64 ಯೂರೋದ ಒಂದು ದಿನ ಸುಟ್ಟು, ಮೇಲೆ 13 ಸೀಟಿಗೆ ಕೊಡುತ್ತೀರಿ. ಪಾಸಿನ ಒಂದು ದಿನ ವಸೂಲಾಗಬೇಕಾದರೆ ಅವತ್ತು ದೂರ ಹೋಗಬೇಕು, ಇಲ್ಲವೇ ನಾಲ್ಕೈದು ರೈಲು ಹತ್ತಬೇಕು. ಫ್ಲಾರೆನ್ಸಿನಲ್ಲಿದ್ದಾಗ ಪೀಸಾದ ವಾಲುಗೋಪುರ ನೋಡಿ ಬರೋಣ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅದು ಒಂದು ಗಂಟೆಯ ದಾರಿ, ಹೋಗಲು ಹತ್ತು ಯೂರೋ ಒಳಗೆ ಮುಗಿಯುತ್ತೆ. ಅದಕ್ಕೂ ಪಾಸಿನ ಒಂದು ದಿನ ಹಾಕೋಕೆ ಯಾರಿಗೂ ಮನಸ್ಸು ಬರಲ್ಲ.

ನಾನು ಮೊದಲ ಸಲ ಹೋದಾಗ 10 ದಿನದ ಪಾಸ್ ತಗೊಂಡಿದ್ದೆ. ಬಳಸಿದ್ದು ಆರು ದಿನ. ಉಳಿದ ನಾಲ್ಕು ದಿನ ಒಂದೇ ಊರಿನಲ್ಲಿ ಕಾಲು ನೋಯುವಷ್ಟು ನಡೆದೆ. ಅದೇನೂ ನಷ್ಟ ಅನಿಸಲಿಲ್ಲ, ಆದರೆ ಪಾಸಿನ ದುಡ್ಡು ಹೋಯ್ತು. ಅದೇ ಪ್ರವಾಸದಲ್ಲಿ ಇನ್ನೊಂದಾಯ್ತು, ಅದು ಮಾತ್ರ ಇವತ್ತಿಗೂ ಮರೆತಿಲ್ಲ. ಒಂದು ದೊಡ್ಡ ಸ್ಟೇಷನ್ನಿನ ಕೌಂಟರಿನಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಮಧ್ಯಾಹ್ನದ ಹೈಸ್ಪೀಡ್ ರೈಲಿಗೆ ಸೀಟು ಕೇಳಿದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ರೈಲಿನಲ್ಲಿ ಸೀಟಿತ್ತು. ಪಾಸಿನವರಿಗೆ ಅಂತ ಇಟ್ಟ ಸೀಟು ಮುಗಿದಿತ್ತು. ಪಾಸಿನವರಿಗೆ ಕೋಟಾ ಇರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಆಗಲೇ. ಪಾಸ್ ಜೇಬಿನಲ್ಲಿಟ್ಟುಕೊಂಡು ಪೂರ್ತಿ ದರದ ಟಿಕೆಟ್ ತಗೊಂಡು ಹೋದೆ. ಬೇಸಿಗೆಯಲ್ಲಿ, ವಾರದ ಕೊನೆಯಲ್ಲಿ, ಯುರೋಸ್ಟಾರಿನಂಥ ರೈಲಿಗೆ ಈ ಕೋಟಾ ವಾರಗಟ್ಟಲೆ ಮುಂಚೆ ತುಂಬಿಬಿಡಬಹುದು. ಹಾಗಾಗಿ ಪಾಸ್ ತಗೊಂಡು ಬೇಕಾದಾಗ ಬೇಕಾದ ರೈಲು ಹತ್ತಬಹುದು ಅನ್ನೋದು ನಿಮ್ಮ ದಾರಿಯಲ್ಲಿ ಆಗದ ಮಾತು. ಸೀಟನ್ನು ಮುಂಚೆಯೇ ಮಾಡಿಸಬೇಕು ಅಂದಮೇಲೆ ಟಿಕೆಟ್ಟನ್ನೇ ಮುಂಚೆ ತಗೊಂಡರಾಯ್ತಲ್ಲ?

ಪಾಸ್ ಕೊಳ್ಳುವವರು ದುಡ್ಡು ಕೊಡೋದು ಬೆಳಿಗ್ಗೆ ಎದ್ದು ಮನಸ್ಸು ಬದಲಾಯಿಸುವ ಅನುಕೂಲಕ್ಕೆ. ಇವತ್ತು ಮಳೆ, ನಾಳೆ ಹೋಗೋಣ. ಈ ಊರು ಚೆನ್ನಾಗಿದೆ, ಇನ್ನೊಂದು ದಿನ ಇರೋಣ. ಇಂಥ ಪ್ರವಾಸ ಮಾಡುವವರಿಗೆ ಪಾಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ನಾವು ಭಾರತದಿಂದ ಹೋಗುವವರು ಈ ದೇಶಗಳಿಗೆಲ್ಲ ಒಂದೇ ಆದ ಷೆಂಗನ್ ವೀಸಾಗೆ ಅರ್ಜಿ ಹಾಕುವಾಗಲೇ ಯಾವ ರಾತ್ರಿ ಯಾವ ಹೋಟೆಲ್ ಅಂತ ಬರೆದು ಕೊಟ್ಟಿರುತ್ತೇವೆ. ಹೋಟೆಲ್ ಬುಕಿಂಗ್, ವಿಮಾನ, ದಿನವಾರು ಪಟ್ಟಿ ಎಲ್ಲಾ ಆಗಿರುತ್ತೆ. ಜೊತೆಗೆ ಮಕ್ಕಳು, ನಾಲ್ಕು ಜನಕ್ಕೆ ಎರಡು ರೂಮು. ಮನಸ್ಸು ಬದಲಾಯಿಸೋಕೆ ಜಾಗವೇ ಉಳಿದಿರಲ್ಲ. ಬಳಸದ ಅನುಕೂಲಕ್ಕೆ ಯಾಕೆ ದುಡ್ಡು ಕೊಡಬೇಕು?

ಈಗ ನಿಜವಾದ ತೊಡಕಿಗೆ ಬರೋಣ. ನೀವು ಬರೆದ ಕೊನೆಯ ಸಾಲು, ವೀಸಾ ಇನ್ನೂ ಆಗಿಲ್ಲ ಅಂತ. ಹೈಸ್ಪೀಡ್ ರೈಲಿನ ದರ ವಿಮಾನದ ದರದ ಹಾಗೆ, ದಿನ ಹತ್ತಿರ ಬಂದಂತೆ ಏರುತ್ತೆ. 50 ಯೂರೋದ ಆಮ್‌ಸ್ಟರ್‌ಡ್ಯಾಮ್-ಪ್ಯಾರಿಸ್ ಟಿಕೆಟ್ ಹೊರಡುವ ವಾರ 120 ದಾಟಬಹುದು. ಅಗ್ಗದ ಟಿಕೆಟ್ಟಿಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ. ವೀಸಾ ಬರೋ ಮೊದಲು ತಗೊಂಡರೆ, ವೀಸಾ ಬರದಿದ್ದರೆ ಟಿಕೆಟ್ ಹೋಯ್ತು. ವೀಸಾ ಬಂದ ಮೇಲೆ ತಗೊಳ್ಳೋಣ ಅಂದರೆ ದರ ಏರಿರುತ್ತೆ. ನಮ್ಮವರು ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಮೇ ರಜೆಗೆ ಹೋಗುವವರೆಲ್ಲ ಮಾರ್ಚ್-ಏಪ್ರಿಲ್‌ನಲ್ಲಿ ಒಟ್ಟಿಗೆ ಮುಗಿಬೀಳುತ್ತಾರೆ, ಅಪಾಯಿಂಟ್‌ಮೆಂಟ್ ಸಿಗಲ್ಲ, ಕೊನೆಗೆ ಹೊರಡಲು ಹತ್ತು ದಿನ ಇರುವಾಗ ಪಾಸ್‌ಪೋರ್ಟ್ ಕೈಗೆ ಬರುತ್ತೆ.

ಪರಿಹಾರ ಸುಲಭ, ಬೇಗ ಶುರು ಮಾಡಬೇಕು ಅಷ್ಟೇ. ಷೆಂಗನ್ ವೀಸಾಗೆ ಹೊರಡುವ ದಿನಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಮೇಗೆ ಹೋಗುವವರು ನವೆಂಬರಿನಲ್ಲೇ ಹಾಕಬಹುದು ಅಂತಾಯ್ತು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತೆ. ಜನವರಿಯಲ್ಲಿ ಅರ್ಜಿ ಹಾಕಿದರೆ ಮಾರ್ಚ್ ಹೊತ್ತಿಗೆ ನಿಶ್ಚಿಂತೆ, ಟಿಕೆಟ್ ದರವೂ ಇನ್ನೂ ಕೆಳಗೇ ಇರುತ್ತೆ. ಯಾವ ದೇಶದ ವೀಸಾ ಅಂತ ಗೊಂದಲ ಬೇಡ. ಹೆಚ್ಚು ರಾತ್ರಿ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ನಿಮಗೆ ಇಟಲಿಯಲ್ಲಿ ಆರು ರಾತ್ರಿ, ಹಾಗಾಗಿ ಇಟಲಿ. ರೈಲು ಟಿಕೆಟ್ ವಿಷಯದಲ್ಲಿ ವೀಸಾ ಕೇಂದ್ರದ ಕಾಗದಪತ್ರದ ಪಟ್ಟಿ ಓದಿ, ಅದರಲ್ಲಿ ಕೇಳಿಲ್ಲದಿದ್ದರೆ ಸುಮ್ನೆ ಮುಂಚೆ ಕೊಳ್ಳಬೇಡಿ.

ಒಂದು ಪಕ್ಷ ವೀಸಾ ತಡವಾದರೆ? ಆಗ ಪಾಸನ್ನು ಮತ್ತೆ ಲೆಕ್ಕಕ್ಕೆ ತಗೊಳ್ಳಿ. ಪಾಸಿನ ಬೆಲೆ ದಿನ ಹತ್ತಿರ ಬಂದಂತೆ ಏರಲ್ಲ. ಕೊಂಡ ಮೇಲೆ ಶುರು ಮಾಡಲು 11 ತಿಂಗಳು ಸಮಯ ಇರುತ್ತೆ. ಹೊರಡಲು ವಾರ ಇರುವಾಗ ಬಿಡಿ ಟಿಕೆಟ್ ಒಬ್ಬರಿಗೆ 400 ಯೂರೋ ಆಗ್ತಿದ್ದರೆ, 1320ರ ಪಾಸ್ ಗೆಲ್ಲುತ್ತೆ. ಆದರೆ ಪಾಸಿನವರ ಸೀಟು ಇದೆಯಾ ಅಂತ ಮೊದಲು ನೋಡಿ, ಆಮೇಲೆ ಪಾಸ್ ಕೊಳ್ಳಿ. ಬಹಳ ಜನ ಪಾಸ್ ಮೊದಲು ಕೊಂಡು ಸೀಟಿಗೆ ಆಮೇಲೆ ಹುಡುಕುತ್ತಾರೆ.

ವೀಸಾ ಸಕಾಲಕ್ಕೆ ಬಂತು ಅಂದುಕೊಳ್ಳೋಣ. ಮೊದಲು ಯುರೋಸ್ಟಾರ್ ಮತ್ತು ಲಿರಿಯಾ ತಗೊಳ್ಳಿ, ಬೇಗ ಏರೋದು ಅವೆರಡೇ. ಮೊದಲು ಥಾಲಿಸ್ ಅಂತ ಇದ್ದ ಕೆಂಪು ರೈಲೇ 2023ರಿಂದ ಯುರೋಸ್ಟಾರ್ ಹೆಸರಲ್ಲಿ ಓಡುತ್ತಿದೆ, ಪ್ಯಾರಿಸ್ಸಿನ ಗಾರ್ ದು ನೋರ್‌ಗೆ ಬರುತ್ತೆ. ಬಾಸೆಲ್ ರೈಲು ಹೊರಡೋದು ಗಾರ್ ದ ಲಿಯೋನ್‌ನಿಂದ. ಎರಡೂ ಬೇರೆ ಬೇರೆ ಸ್ಟೇಷನ್, ಹೋಟೆಲ್ ಹುಡುಕುವಾಗ ಇದು ನೆನಪಿರಲಿ. ಇಟಲಿಯ ಒಳಗಿನ ಟಿಕೆಟ್ ಆಮೇಲೆ. ಅಲ್ಲಿ ಒಂದೇ ಹಳಿಯ ಮೇಲೆ ಸರ್ಕಾರಿ ಟ್ರೆನಿತಾಲಿಯಾ ಮತ್ತು ಖಾಸಗಿ ಇಟಾಲೋ ಇಬ್ಬರೂ ಓಡಿಸುವುದರಿಂದ ದರ ಜಗ್ಗಾಡುತ್ತೆ, ನಿಮಗೆ ಲಾಭ. ಟ್ರೆನಿತಾಲಿಯಾದಲ್ಲಿ ಸೂಪರ್ ಎಕಾನಮಿ, ಎಕಾನಮಿ, ಬೇಸ್ ಅಂತ ಮೂರು ದರ ಕಾಣುತ್ತೆ. ಸೂಪರ್ ಎಕಾನಮಿ ಎಲ್ಲಕ್ಕಿಂತ ಅಗ್ಗ, ಬದಲಾಯಿಸೋಕೆ ಆಗಲ್ಲ. ನಾಲ್ಕೈದು ಯೂರೋ ಅಂತರವಿದ್ದರೆ ನಾನು ಎಕಾನಮಿ ತಗೊಳ್ಳುತ್ತೇನೆ. ಟಿಕೆಟ್ಟನ್ನು ಆದಷ್ಟು ಆಯಾ ರೈಲು ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಿ, ಕಮಿಷನ್ ಉಳಿಯುತ್ತೆ. ಅದಕ್ಕೂ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ವ್ಯವಹಾರ ಆನ್ ಮಾಡಿ. ಇದನ್ನು ಮರೆತು, ಪೇಮೆಂಟ್ ಮೂರು ಸಲ ಫೇಲ್ ಆಗಿ, ಅಷ್ಟರಲ್ಲಿ ಅಗ್ಗದ ಟಿಕೆಟ್ ಖಾಲಿಯಾದ ಫೋನ್ ಕರೆ ನನಗೆ ವರ್ಷಕ್ಕೆ ಹತ್ತಾದರೂ ಬರುತ್ತೆ.

ಇಂಟರ್‌ಲಾಕನ್‌ನಿಂದ ವೆನಿಸ್ ದಿನಕ್ಕೆ ಸ್ವಲ್ಪ ಹುಷಾರು. ಸ್ಪೀಜ್‌ನಲ್ಲಿ ಬದಲಾಯಿಸಿ ಮಿಲಾನ್, ಮಿಲಾನಿನಿಂದ ಎರಡೂವರೆ ಗಂಟೆಯಲ್ಲಿ ವೆನಿಸ್. ಇವೆರಡನ್ನೂ ಬೇರೆ ಬೇರೆ ಟಿಕೆಟ್ಟಾಗಿ ಕೊಂಡರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಟಿಕೆಟ್ ಸುಮ್ಮನೆ ಹೋಗುತ್ತೆ. ಒಂದೇ ಟಿಕೆಟ್ಟಿನಲ್ಲಿ ಪೂರ್ತಿ ದಾರಿ ಇದ್ದರೆ ಮುಂದಿನ ರೈಲಿನಲ್ಲಿ ಕಳಿಸುವ ಹೊಣೆ ರೈಲಿನವರದ್ದು. ಐರೋಪ್ಯ ಒಕ್ಕೂಟದ ನಿಯಮದಂತೆ ಒಂದು ಗಂಟೆ ತಡವಾದರೆ ಟಿಕೆಟ್ ಬೆಲೆಯ 25 ಪರ್ಸೆಂಟ್, ಎರಡು ಗಂಟೆ ಮೀರಿದರೆ 50 ಪರ್ಸೆಂಟ್ ಪರಿಹಾರವೂ ಕೇಳಬಹುದು. ಬೇರೆ ಬೇರೆ ಕೊಳ್ಳುವುದಾದರೆ ಮಿಲಾನಿನಲ್ಲಿ ಒಂದು ಗಂಟೆಗಿಂತ ಜಾಸ್ತಿಯೇ ಬಿಡುವಿಟ್ಟುಕೊಳ್ಳಿ. ವೆನಿಸ್‌ನಲ್ಲಿ ಎರಡು ಸ್ಟೇಷನ್. ಮೆಸ್ತ್ರೆ ಈಚೆ ದಡದಲ್ಲಿ, ಸಾಂತಾ ಲೂಚಿಯಾ ನೀರಿನಾಚೆ ದ್ವೀಪದಲ್ಲಿ. ಹೋಟೆಲ್ ಎಲ್ಲಿದೆ ನೋಡಿ ಇಳಿಯಿರಿ. ಸಾಂತಾ ಲೂಚಿಯಾದಲ್ಲಿ ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಕಾಲುವೆ, ದೋಣಿ. ಮಕ್ಕಳಿಗೆ ಅದನ್ನು ಮೊದಲೇ ಹೇಳಬೇಡಿ, ಅವರೇ ಕಾಣಲಿ.

ಸ್ವಿಟ್ಜರ್ಲೆಂಡ್ ವಿಷಯ ಪೂರ್ತಿ ಬೇರೆ. ಅಲ್ಲಿ ಮಾಮೂಲಿ ದರ ದಿನ ಹತ್ತಿರ ಬಂದರೂ ಏರಲ್ಲ, ಆದರೆ ಆ ಮಾಮೂಲಿ ದರವೇ ಜಾಸ್ತಿ. ಯುರೇಲ್ ಪಾಸ್ ಇಂಟರ್‌ಲಾಕನ್ ಓಸ್ಟ್ ಸ್ಟೇಷನ್ನಿಗೆ ನಿಲ್ಲುತ್ತೆ. ನೀವು ನೋಡೋಕೆ ಹೋಗಿರುವ ಜಾಗಗಳು, ಲೌಟರ್‌ಬ್ರುನ್ನನ್, ಗ್ರಿಂಡೆಲ್‌ವಾಲ್ಡ್, ಯುಂಗ್‌ಫ್ರಾವ್, ಎಲ್ಲಾ ಅಲ್ಲಿಂದ ಮುಂದೆ. ಅದಕ್ಕೇ ಆ ದೇಶದ ಕಾರ್ಡ್ ತಗೊಳ್ಳಿ ಅಂದಿದ್ದು.

ಎರಡು ದಾರಿ ಇದೆ. ಒಂದು ಸ್ವಿಸ್ ಟ್ರಾವೆಲ್ ಪಾಸ್. 4 ದಿನಕ್ಕೆ ಒಬ್ಬರಿಗೆ 300 ಸ್ವಿಸ್ ಫ್ರಾಂಕ್ ಆಸುಪಾಸು. ಆ ದಿನಗಳಲ್ಲಿ ರೈಲು, ಬಸ್ಸು, ಸರೋವರದ ದೋಣಿ, ಎಷ್ಟೋ ಮ್ಯೂಸಿಯಂ ಎಲ್ಲಾ ಸೇರುತ್ತೆ. ರಿಗಿ ಬೆಟ್ಟಕ್ಕೂ ದುಡ್ಡಿಲ್ಲ. ಆದರೆ ಯುಂಗ್‌ಫ್ರಾವ್ ಬೆಟ್ಟದ ಪಕ್ಕದ ಎತ್ತರದ ಸ್ಟೇಷನ್ ಯುಂಗ್‌ಫ್ರಾವ್‌ಯೋಖ್‌ಗೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗನ್‌ವರೆಗೆ ಮಾತ್ರ ಉಚಿತ, ಅಲ್ಲಿಂದ ಮೇಲಕ್ಕೆ 25 ಪರ್ಸೆಂಟ್ ರಿಯಾಯಿತಿ ಅಷ್ಟೇ. ಇನ್ನೊಂದು ಸ್ವಿಸ್ ಹಾಫ್ ಫೇರ್ ಕಾರ್ಡ್. ಒಂದು ತಿಂಗಳಿಗೆ ಸುಮಾರು 150 ಫ್ರಾಂಕ್. ಇದಿದ್ದರೆ ಹೆಚ್ಚಿನ ರೈಲು, ಬಸ್ಸು, ಬೆಟ್ಟದ ರೈಲಿಗೆ ಅರ್ಧ ದರ, ಯುಂಗ್‌ಫ್ರಾವ್‌ಯೋಖ್‌ಗೂ ಅರ್ಧ. 3,454 ಮೀಟರ್ ಎತ್ತರದ ಆ ಸ್ಟೇಷನ್ನಿಗೆ ಇಂಟರ್‌ಲಾಕನ್‌ನಿಂದ ಹೋಗಿಬರುವ ಪೂರ್ತಿ ದರ 200 ಫ್ರಾಂಕ್ ಮೀರುತ್ತೆ, ಹಾಗಾಗಿ ಅದೊಂದೇ ದಿನ ಕಾರ್ಡಿನ ದುಡ್ಡಿನ ದೊಡ್ಡ ಪಾಲು ವಾಪಸ್ ಬಂದಂತೆ. ಯುಂಗ್‌ಫ್ರಾವ್ ಹತ್ತುವುದು ಖಂಡಿತ ಅಂದರೆ ಹಾಫ್ ಫೇರ್ ಕಾರ್ಡ್. ಅದು ಬೇಡ, ದಿನಾ ಲುಟ್ಸರ್ನ್, ಬರ್ನ್, ದೋಣಿ ಅಂತ ಸುತ್ತುತ್ತೇವೆ ಅಂದರೆ ಟ್ರಾವೆಲ್ ಪಾಸ್. ಎರಡರ ಜೊತೆಗೂ ಸ್ವಿಸ್ ಫ್ಯಾಮಿಲಿ ಕಾರ್ಡ್ ಅಂತ ಒಂದು ಉಚಿತವಾಗಿ ಕೊಡುತ್ತಾರೆ, ಮರೆಯದೆ ಕೇಳಿ ತಗೊಳ್ಳಿ. ಅಪ್ಪ ಅಥವಾ ಅಮ್ಮ ಜೊತೆಗಿದ್ದರೆ 6ರಿಂದ 15 ವರ್ಷದ ಮಕ್ಕಳು ಆ ದೇಶದ ರೈಲು, ಬಸ್ಸು, ದೋಣಿಯಲ್ಲಿ ದುಡ್ಡಿಲ್ಲದೆ ಓಡಾಡಬಹುದು.

ಯುಂಗ್‌ಫ್ರಾವ್ ಟಿಕೆಟ್ಟನ್ನು ಮಾತ್ರ ಊರಿನಿಂದಲೇ ತಾರೀಖು ಹಾಕಿ ಕೊಳ್ಳಬೇಡಿ. ಮೇ ತಿಂಗಳಲ್ಲೂ ಮೇಲೆ ಹಿಮ, ಮೋಡ. ನೂರಾರು ಫ್ರಾಂಕ್ ಕೊಟ್ಟು ಹತ್ತಿ ಬಿಳಿ ಗೋಡೆ ನೋಡಿ ಇಳಿದವರನ್ನು ಕಂಡಿದ್ದೇನೆ. ಬೆಳಿಗ್ಗೆ ಏಳುತ್ತಿದ್ದಂತೆ ಮೊಬೈಲಿನಲ್ಲಿ ಮೇಲಿನ ವೆಬ್‌ಕ್ಯಾಮ್ ನೋಡಿ. ನೀಲಿ ಆಕಾಶ ಕಂಡರೆ ಅವತ್ತೇ ಟಿಕೆಟ್ ತಗೊಂಡು ಹೊರಡಿ, ಇಲ್ಲದಿದ್ದರೆ ಸರೋವರದ ದೋಣಿ. ನಿಮ್ಮ ಪ್ರವಾಸದಲ್ಲಿ ಮನಸ್ಸು ಬದಲಾಯಿಸುವ ಅವಕಾಶ ಬೇಕಾಗೋದು ಈ ನಾಲ್ಕು ದಿನ, ಅದಕ್ಕೇ ಅಲ್ಲಿ ದಿನ ಕಟ್ಟಿಹಾಕದ ಕಾರ್ಡ್ ಹೇಳಿದ್ದು.

ಇಟಲಿಯ ಪೀಸಾ ರೈಲಿನ ಬಗ್ಗೆ ಒಂದು ಮಾತು, ಇದರಲ್ಲಿ ದಂಡ ಕಟ್ಟಿದವರು ತುಂಬಾ. ಅದು ಪ್ರಾದೇಶಿಕ ರೈಲು, ನಮ್ಮ ಪ್ಯಾಸೆಂಜರ್ ಗಾಡಿ ಇದ್ದ ಹಾಗೆ. ದರ ಏರಲ್ಲ, ಸೀಟು ನಂಬರಿಲ್ಲ, ಅವತ್ತೇ ತಗೊಳ್ಳಬಹುದು. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಹತ್ತಿರದ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು. ಟಿಕೆಟ್ ಒಳಗೆ ಹಾಕಿ, ಕಟಕಟ ಅಂತ ಸದ್ದು ಬಂದು, ತುದಿಯಲ್ಲಿ ತಾರೀಖು, ಹೊತ್ತು ಅಚ್ಚಾಗಿದೆಯಾ ಅಂತ ಕಣ್ಣಲ್ಲಿ ನೋಡಿಕೊಳ್ಳಿ. ಮೊಬೈಲಿನಲ್ಲಿ ತಗೊಂಡಿದ್ದರೆ ಮುದ್ರೆ ಬೇಡ, ಚೆಕ್-ಇನ್ ಒತ್ತಬೇಕಾ ಅಂತ ಟಿಕೆಟ್ಟಿನಲ್ಲಿ ನೋಡಿಕೊಳ್ಳಿ. ಒಮ್ಮೆ ಅದೇ ರೈಲಿನಲ್ಲಿ ಶಿರಸಿ ಕಡೆಯ ಹಿರಿಯ ದಂಪತಿ ನನ್ನ ಎದುರು ಕೂತಿದ್ದರು. ಟಿಕೆಟ್ ಸರಿಯಾಗಿ ಕೊಂಡಿದ್ದರು, ಮುದ್ರೆ ಒಂದು ಇರಲಿಲ್ಲ. ಟಿಕೆಟ್ ಇದೆಯಲ್ಲ ಅಂತ ಅಮ್ಮ ಟಿಕೆಟ್ಟನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ದಂಡ ಕಟ್ಟಿಸಿಕೊಂಡೇ ಹೋದರು. ಅವತ್ತು ಪೀಸಾ ಬರುವವರೆಗೂ ಅವರು ಕಿಟಕಿ ಕಡೆ ನೋಡಲೇ ಇಲ್ಲ.

ನಿಮ್ಮ ಭಾವಮೈದ ಹೇಳಿದ್ದು ತಪ್ಪು ಅಂತ ಅಲ್ಲ, ಅವರು ಹೋದ ಪ್ರವಾಸ ಬೇರೆ ಇದ್ದಿರಬೇಕು. ಮೂರು ವಾರ ಇದ್ದು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಊರೂರು ಅಲೆಯುವ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ನಾನೇ ಪಾಸ್ ತಗೊಳ್ಳಿ ಅಂತೀನಿ. ಅವರಿಗೆ ಯೂತ್ ದರ, ಸೀಟಿನ ಕಾಟ ಇಲ್ಲ, ಜರ್ಮನಿಯಲ್ಲಿ ಅವತ್ತೇ ಕೊಳ್ಳುವ ದೂರದ ಐಸಿಇ ಟಿಕೆಟ್ಟಿಗೆ 150 ಯೂರೋ ಮೀರುವುದುಂಟು, ಎರಡು ಮೂರು ಓಡಾಟದಲ್ಲಿ ಪಾಸ್ ವಸೂಲ್. 60 ದಾಟಿದವರಿಗೂ 10 ಪರ್ಸೆಂಟ್ ಕಡಿಮೆ. ಜರ್ಮನಿಯಲ್ಲಿ ಓದುವ, ಕೆಲಸ ಮಾಡುವ ಮಗನನ್ನು ನೋಡೋಕೆ ಹೋಗುವ ಅಪ್ಪ ಅಮ್ಮಂದಿರು ಈಗೀಗ ತುಂಬಾ ಕೇಳುತ್ತಾರೆ. ಅಲ್ಲಿ ನೆನಪಿಡಬೇಕಾದ್ದು, ಪಾಸಿಗೆ ಲೆಕ್ಕ ಪಾಸ್‌ಪೋರ್ಟ್ ಅಲ್ಲ, ವಾಸ. ಅಪ್ಪ ಅಮ್ಮನಿಗೆ ಯುರೇಲ್, ಅಲ್ಲೇ ವಾಸ ಇರುವ ಮಗನಿಗೆ ಯುರೋಪಿನವರಿಗಿರುವ ಇಂಟರ್‌ರೇಲ್ ಪಾಸ್, ಮತ್ತು ಅವನು ವಾಸವಿರುವ ದೇಶದೊಳಗೆ ಅದು ಹೊರಡಲು ಒಮ್ಮೆ, ಮರಳಲು ಒಮ್ಮೆ ಮಾತ್ರ ನಡೆಯುತ್ತೆ. ಮಗನ ಊರಿನ ಸುತ್ತಮುತ್ತ ನಿಧಾನವಾಗಿ ಓಡಾಡುವುದಾದರೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಟಿಕೆಟ್ ಸಾಕು. 2023ರ ಮೇನಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾಗಿ, 2025ರಲ್ಲಿ 58, 2026ರಲ್ಲಿ 63 ಆಗಿದೆ. ಐಸಿಇಗೆ ನಡೆಯಲ್ಲ, ಊರ ಬಸ್ಸು, ಟ್ರಾಮು, ಪ್ರಾದೇಶಿಕ ರೈಲಿಗೆ ಇಡೀ ದೇಶದಲ್ಲಿ ನಡೆಯುತ್ತೆ.

ಟಿಕೆಟ್ಟೋ ಪಾಸೋ, ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹಾಕಿ. ನಮ್ಮ ಕಡೆ ಇನಿಷಿಯಲ್ ಹಾಕಿ ಬರೆದು ಅಭ್ಯಾಸ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಅಪ್ಪನ ಪೂರ್ತಿ ಹೆಸರೋ ಊರಿನ ಹೆಸರೋ ಆಗಿರುತ್ತೆ. ಟಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಬೇರೆ ಬೇರೆ ಮನುಷ್ಯರಂತೆ ಕಾಣಬಾರದು.

ಕೊನೆಗೆ ನನಗೆ ಒಂದು ವಿಷಯ ಬರೆದು ತಿಳಿಸಿ. ನಿಮ್ಮ ಮಗಳಿಗೆ 16 ತುಂಬುವುದು ಯಾವತ್ತು? ಇಂಟರ್‌ಲಾಕನ್ ದಿನಗಳಿಗಿಂತ ಮೊದಲೇ ತುಂಬುವುದಾದರೆ ಫ್ಯಾಮಿಲಿ ಕಾರ್ಡ್ ಅವಳಿಗೆ ನಡೆಯಲ್ಲ, ಅವಳಿಗೂ ಒಂದು ಹಾಫ್ ಫೇರ್ ಕಾರ್ಡ್ ಸೇರಿಸಿ ಲೆಕ್ಕ ಹಾಕಬೇಕು. ಹುಟ್ಟಿದ ದಿನ ಅಲ್ಲೇ ಬಿದ್ದರೆ, ಆ ಬೆಳಿಗ್ಗೆ ವೆಬ್‌ಕ್ಯಾಮ್ ಅವಳ ಕೈಯಲ್ಲೇ ನೋಡಿಸಿ.